ಶಾಲಾ ಕಾರ್ಯಾಗಾರದಲ್ಲಿ ಸುರಕ್ಷತೆಯ ಶಿಕ್ಷಣ

ಠಾಣೆಯ ಘೋಡಬಂದರ್ ರಸ್ತೆಯ ಇಕ್ಕೆಲಗಳಲ್ಲಿ ಹಿಂದೆ ಕಾರ್ಖಾನೆಗಳಿದ್ದ ಹಲವು ಸ್ಥಳಗಳಲ್ಲಿ ಇಂದು ಬಹುಮಹಡಿ ವಸತಿಗಳು ತಲೆಯೆತ್ತಿ ನಿಂತಿವೆ. ಸಮೀಪದ ವಾಗಳೆ ಎಸ್ಟೇಟಿನಲ್ಲಿ ಲೇತ್, ಪ್ರೆಸ್ಸುಗಳ ಮುಂದೆ ದುಡಿದ ಕನ್ನಡಿಗರ ಮೊಮ್ಮಕ್ಕಳು ಯಂತ್ರವನ್ನು ಮೊದಲಿಗೆ ಕಾಣುವುದು ಬಹುಶಃ ಶಾಲೆಯಲ್ಲಿಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೂ ಮರಗೆಲಸ, ಲೋಹದ ಕೆಲಸ, ವಿದ್ಯುತ್ ಕೆಲಸಗಳ ಪರಿಚಯವಾಗಬೇಕೆಂದು ಸೂಚಿಸಿದೆ. ಇದು ಸ್ವಾಗತಾರ್ಹ. ಆದರೆ ಎಳೆಯ ಕೈಗೆ ಗರಗಸ ಕೊಡುವ ಮೊದಲು ಸುರಕ್ಷತೆಯ ಪಾಠ ಕೊಡುವುದು ಅತ್ಯಾವಶ್ಯಕ.

1948ರ ಕಾರ್ಖಾನೆಗಳ ಕಾಯಿದೆಯ 23ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ಅಪಾಯಗಳನ್ನೂ ಮುನ್ನೆಚ್ಚರಿಕೆಗಳನ್ನೂ ಪೂರ್ಣವಾಗಿ ತಿಳಿಸದೆ, ಸಾಕಷ್ಟು ತರಬೇತಿಯಾಗಲಿ ಬಲ್ಲವರ ಮೇಲ್ವಿಚಾರಣೆಯಾಗಲಿ ಇಲ್ಲದೆ, ಎಳೆಯರನ್ನು ಅಪಾಯಕರ ಯಂತ್ರದಲ್ಲಿ ದುಡಿಸಕೂಡದೆಂದು ಅದು ವಿಧಿಸಿತ್ತು. ಕೂಲಿಗೆ ದುಡಿಯುವವನಿಗೆ ಸಲ್ಲುವ ರಕ್ಷಣೆ ವಿದ್ಯೆಗೆಂದು ಬಂದವನಿಗೂ ಸಲ್ಲಬೇಡವೆ?

ಗೋಡೆಯ ಮೇಲೆ ‘ಎಚ್ಚರಿಕೆ’ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಎಚ್ಚರಿಕೆ ಬರುವುದಿಲ್ಲ. ನಿಯಮದೊಂದಿಗೆ ಅದರ ಕಾರಣವನ್ನೂ ತಿಳಿಸಿದರೆ ವಿದ್ಯಾರ್ಥಿಯು ಯಾರೂ ನೋಡದಿರುವಾಗಲೂ ಅದನ್ನು ಪಾಲಿಸುತ್ತಾನೆ. ಉದಾಹರಣೆಗೆ, ಕೈಗವಸು ಯಾವಾಗಲೂ ರಕ್ಷಕವೆಂದು ಪಾಲಕರು ಭಾವಿಸುವುದು ಸಹಜ. ಆದರೆ ತಿರುಗುವ ಡ್ರಿಲ್ ಅಥವಾ ಲೇತಿನಲ್ಲಿ ಅದು ಸಿಲುಕಿದರೆ ಕೈಯನ್ನೇ ಒಳಗೆಳೆಯುತ್ತದೆ. ಸಡಿಲವಾದ ತೋಳು, ಓಢಣಿ, ಬಿಚ್ಚಿದ ಜಡೆ, ಕೈಗೆ ಕಟ್ಟಿದ ದಾರ, ಉಂಗುರ ಇವೆಲ್ಲವೂ ಹಾಗೆಯೇ. ಚಕ್ಕಿನಲ್ಲಿ ಕೀಲಿಯನ್ನು ಮರೆತು ಲೇತ್ ನಡೆಸಿದರೆ ಆ ಕೀಲಿ ಗುಂಡಿನಂತೆ ಸಿಡಿಯುತ್ತದೆ. ಕೊರೆಯುವ ತಗಡನ್ನು ಕೈಯಲ್ಲಿ ಹಿಡಿದರೆ ಅದು ಡ್ರಿಲ್ಲಿನೊಡನೆ ಗಿರ್ರನೆ ತಿರುಗಿ ಬೆರಳನ್ನು ಕೊಯ್ಯುತ್ತದೆ. ಆದುದರಿಂದ ಅದನ್ನು ವೈಸಿನಲ್ಲಿ ಬಿಗಿಯಬೇಕು. ಹಿಡಿಯಿಲ್ಲದ ಅರದ ಚೂಪಾದ ಬಾಲ ಅಂಗೈಯನ್ನು ಚುಚ್ಚುತ್ತದೆ. ಲೋಹದ ಚೂರುಗಳನ್ನು ಬಾಯಿಂದ ಊದಿದರೆ ಕಣ್ಣಿಗೆ ಹಾರುತ್ತವೆ, ಬ್ರಷ್ಷಿನಿಂದಲೇ ಗುಡಿಸಬೇಕು. ಗ್ರೈಂಡರಿನ ಮುಂದೆ ರಕ್ಷಾ ಕನ್ನಡಕವನ್ನು ಒಂದೇ ಕ್ಷಣದ ಕೆಲಸಕ್ಕೂ ಬಿಡುವಂತಿಲ್ಲ.

ಬ್ಯಾಂಕಿನ ಭದ್ರಕೋಣೆ ಇಬ್ಬರ ಕೀಲಿಕೈಗಳು ಕೂಡಿದಾಗಲೇ ತೆರೆಯುತ್ತದೆ. ಒಬ್ಬರೇ ಅದನ್ನು ತೆರೆಯಲಾಗದಿರಲೆಂದು ಈ ಏರ್ಪಾಡು. ಯಂತ್ರದ ಗುಂಡಿಯನ್ನೂ ಹಾಗೆಯೇ ವಿದ್ಯಾರ್ಥಿಯ ಸಿದ್ಧತೆ ಮತ್ತು ಶಿಕ್ಷಕರ ಅನುಮತಿ ಎರಡೂ ಕೂಡಿದ ಮೇಲೆಯೇ ಒತ್ತಬೇಕು. ಯಂತ್ರವನ್ನು ನಿಲ್ಲಿಸಲು ಮಾತ್ರ ಯಾರ ಅನುಮತಿಯೂ ಬೇಡ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂಬುದನ್ನು ಪ್ರತಿಯೊಂದು ಮಗುವೂ ಮೊದಲ ದಿನವೇ ಬಲ್ಲದಾಗಬೇಕು. ಶಿಕ್ಷಕರು ತಾವೇ ಕನ್ನಡಕ ಧರಿಸದೆ ಉಪದೇಶಿಸಿದರೆ ಅದು ಕಿವಿಗೆ ತಲುಪೀತು, ಕೈಗೆ ತಲುಪದು.

ಘೋಡಬಂದರ್ ರಸ್ತೆಯ ವಾಹನ ದಟ್ಟಣೆಯಲ್ಲಿ ಆಸ್ಪತ್ರೆ ಹತ್ತಿರವಿದ್ದರೂ ದೂರವೇ. 108ಕ್ಕೆ ಕರೆಮಾಡಿ ಕಾಯುವ ಆ ನಿಮಿಷಗಳಿಗಾಗಿ ಪ್ರಥಮ ಚಿಕಿತ್ಸೆಯ ತಿಳಿವಳಿಕೆ ಇರಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಕಣ್ಣಿಗೆ ಚೂರು ನೆಟ್ಟಿದ್ದರೆ ಉಜ್ಜಬಾರದು, ಕೀಳಬಾರದು. ಒತ್ತಡ ಬೀಳದಂತೆ ಮುಚ್ಚಿ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ಸುಟ್ಟ ಗಾಯಕ್ಕೆ ಅರಿಸಿನವನ್ನಾಗಲಿ ಟೂತ್‌ಪೇಸ್ಟನ್ನಾಗಲಿ ಬಳಿಯದೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ವಿದ್ಯುದಾಘಾತವಾದವನನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು.

ಪಾಲಕರ ಸಭೆಯಲ್ಲಿ ಅಂಕಗಳ ವಿಚಾರ ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಕಾರ್ಯಾಗಾರದಲ್ಲಿ ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ಎಷ್ಟು ಮಕ್ಕಳಿರುತ್ತಾರೆ? ಪ್ರತಿ ಮಗುವಿಗೂ ರಕ್ಷಾ ಕನ್ನಡಕವಿದೆಯೆ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿಗೂ ಒಪ್ಪುತ್ತದೆ. ಶಾಲೆಯಲ್ಲಿ ಕೈಗೆ ರೂಢಿಯಾದ ಎಚ್ಚರಿಕೆಯು ಮುಂದೆ ಉದ್ಯೋಗದಲ್ಲಿಯೂ ಮನೆಯಲ್ಲಿಯೂ ಆ ಕೈಯನ್ನು ಕಾಯುತ್ತದೆ.