ಹಾಡು ಕೇಳುತ್ತೆ, ಮಾತು ಕೇಳಲ್ಲ

ಹಾಸನ ಜಿಲ್ಲೆಯ ತಾಲ್ಲೂಕು ಪೇಟೆಯೊಂದರ ಈ ಟಾಕೀಸಿನಲ್ಲಿ ಪ್ರೊಜೆಕ್ಟರ್ ರೂಮಿಗೆ ಹೋಗುವ ದಾರಿ ಹಾಲಿನ ಒಳಗಿನಿಂದ ಇಲ್ಲ. ಹೊರಗೋಡೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು ಹತ್ತಬೇಕು. ರೀಲಿಗೆ ಬೆಂಕಿ ಹತ್ತಿದರೆ ಅದು ಜನ ಕೂತ ಕಡೆಗೆ ಹಬ್ಬಬಾರದು, ಆಪರೇಟರ್ ಕೂಡ ನೇರವಾಗಿ ಹೊರಬೀಳಬೇಕು ಎಂದು ಹಿಂದಿನವರು ಹೀಗೆ ಕಟ್ಟುತ್ತಿದ್ದರು. ಈಗ ರೀಲೇ ಇಲ್ಲ. 35 ಎಂಎಂ ಪ್ರೊಜೆಕ್ಟರ್ ಟಾರ್ಪಾಲು ಹೊದ್ದು ಮೂಲೆ ಸೇರಿದೆ. ಅದು ನಿಂತಿದ್ದ ಕಿಂಡಿಯ ಎದುರು ಡಿಜಿಟಲ್ ಪ್ರೊಜೆಕ್ಟರ್ ಕೂತು, ಬಿಸಿಗಾಳಿಯನ್ನು ದಪ್ಪ ಕೊಳವೆಯಲ್ಲಿ ಛಾವಣಿಯಾಚೆ ತಳ್ಳುತ್ತಿದೆ.

ಮಾರ್ನಿಂಗ್ ಶೋಗೆ ಇನ್ನೂ ಸಮಯವಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ಸೌಂಡ್ ಟೆಕ್ನಿಷಿಯನ್ ಹುಡುಗ ಬ್ಯಾಗು ಬಿಚ್ಚುವ ಮೊದಲೇ ಮ್ಯಾನೇಜರ್ ದೂರು ಒಪ್ಪಿಸಿದರು: "ಹಾಡೆಲ್ಲ ಚೆನ್ನಾಗಿ ಕೇಳುತ್ತೆ ಸಾರ್, ಮಾತೇ ತಿಳಿಯಲ್ಲ ಅಂತ ಜನ ಗಲಾಟೆ ಮಾಡ್ತಾರೆ. ಆ ಪೆಟ್ಟಿಗೆನೇ ಹೋಗಿರಬೇಕು." ಪೆಟ್ಟಿಗೆ ಎಂದರೆ ರ‍್ಯಾಕಿನ ನೆತ್ತಿಯಲ್ಲಿರುವ ಸೌಂಡ್ ಪ್ರೊಸೆಸರ್. ಟಾಕೀಸಿನಲ್ಲಿ ಸದ್ದು ಕೆಟ್ಟರೆ ಮೊದಲ ಆರೋಪ ಅತಿ ದುಬಾರಿ ಸಾಮಾನಿನ ಮೇಲೆಯೇ ಬೀಳುತ್ತದೆ. ಹುಡುಗ ನಕ್ಕು, ಮೂವತ್ತು ವರ್ಷದಿಂದ ಇದೇ ರೂಮಿನಲ್ಲಿರುವ ಆಪರೇಟರ್ ಕಡೆ ತಿರುಗಿದ. "ಅಣ್ಣ, ನಿಮಗೇನು ಅನ್ನಿಸುತ್ತೆ?"

"ನಡುವಿಂದು ಸತ್ತಿದೆ ಕಣಪ್ಪ. ಸಕಾರ, ಶಕಾರ ಬರ್ತಾನೇ ಇಲ್ಲ."

ಅರ್ಧ ರೋಗ ಅಲ್ಲಿಗೇ ಪತ್ತೆಯಾಗಿತ್ತು. ಸಿನಿಮಾದ ಸಂಗೀತ ಎಡಬಲದ ಸ್ಪೀಕರುಗಳಲ್ಲಿ, ಗೋಡೆಯ ಸರೌಂಡುಗಳಲ್ಲಿ ಹರಡಿಕೊಂಡಿರುತ್ತದೆ. ಮಾತು ಮಾತ್ರ ಹೆಚ್ಚಾಗಿ ಪರದೆಯ ನಡುವಿನ ಸೆಂಟರ್ ಸ್ಪೀಕರಿನಿಂದ ಬರುತ್ತದೆ. ಹಾಡು ಸರಿಯಿದ್ದು ಮಾತು ಮಂಕಾದರೆ ಮೊದಲು ನೋಡಬೇಕಾದ್ದು ಅಲ್ಲಿ.

ಅನ್ನಿಸಿದ್ದನ್ನು ಸಾಬೀತು ಮಾಡಬೇಕಲ್ಲ. ಹುಡುಗ ಪ್ರೊಸೆಸರಿನಲ್ಲಿ ಪಿಂಕ್ ನಾಯ್ಸ್ ಹಾಕಿದ. ತಗಡಿನ ಮಾಡಿನ ಮೇಲೆ ಸುರಿವ ಮಳೆಯಂಥ ಒಂದೇ ಸಮನೆಯ ಸದ್ದು, ಒಂದೊಂದೇ ಚಾನೆಲ್ಲಿನಲ್ಲಿ: ಎಡ, ನಡು, ಬಲ, ಸರೌಂಡ್, ಸಬ್‌ವೂಫರ್. ಹಾಲಿನಲ್ಲಿ ನಿಂತು ಕೇಳಿದೆವು. ಎಡಬಲದಲ್ಲಿ 'ಶ್ಶ್' ಎಂದದ್ದು ನಡುವಿನಲ್ಲಿ ಬರೀ 'ಗುಂ' ಎಂದಿತು. ಇದನ್ನು ರೂಮಿನಲ್ಲೇ ಕೂತು ಕೇಳಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಇಲ್ಲಿನ ಮಾನಿಟರ್ ಸ್ಪೀಕರಿಗೆ ಸದ್ದು ಹೋಗುವುದು ಆಂಪ್ಲಿಫೈಯರಿಗೂ ಮೊದಲೇ. ಹಾಲು ಪೂರ್ತಿ ಮೂಕವಾದರೂ ರೂಮಿನಲ್ಲಿ ಸಿನಿಮಾ ಸೊಗಸಾಗಿ ಮಾತಾಡುತ್ತಲೇ ಇರುತ್ತದೆ.

ಮುಂದಿನದು ಅದಲುಬದಲು. ದೊಡ್ಡ ಹಾಲುಗಳಲ್ಲಿ ಒಂದು ಸ್ಪೀಕರಿನ ತಗ್ಗು ಸ್ವರಕ್ಕೊಂದು, ಎತ್ತರದ ಸ್ವರಕ್ಕೊಂದು ಆಂಪ್ಲಿಫೈಯರ್ ಇರುತ್ತದೆ. ಎಡದ ಎತ್ತರದ ಸ್ವರದ ತಂತಿಯನ್ನೂ ನಡುವಿನದನ್ನೂ ಆಂಪ್ಲಿಫೈಯರಿನ ಹಿಂದೆ ಪರಸ್ಪರ ಬದಲಿಸಿದ. ದೋಷ ಎಡಕ್ಕೆ ಸರಿದರೆ ತಪ್ಪು ರ‍್ಯಾಕಿನಲ್ಲಿ. ನಡುವಿನಲ್ಲೇ ಉಳಿದರೆ ತಂತಿಯಲ್ಲಿ ಅಥವಾ ಸ್ಪೀಕರಿನಲ್ಲಿ. ಉಳಿಯಿತು. ಒಂದು ಸ್ಕ್ರೂಡ್ರೈವರ್ ಬಿಟ್ಟರೆ ಏನೂ ಬೇಡದ ಈ ಪರೀಕ್ಷೆಯನ್ನು ಮಾಡದೆ ಪ್ರೊಸೆಸರ್ ಬಿಚ್ಚಿ ಬೆಂಗಳೂರಿಗೆ ಪಾರ್ಸೆಲ್ ಕಳಿಸುವವರೇ ಹೆಚ್ಚು.

ಪರದೆಯ ಹಿಂದಕ್ಕೆ ಹೋದೆವು. ಎದುರಿನಿಂದ ಅಚ್ಚ ಬಿಳುಪಾಗಿ ಕಾಣುವ ಪರದೆ ಹತ್ತಿರ ಹೋದರೆ ತೂತುಮಯ. ಆ ಸೂಕ್ಷ್ಮ ರಂಧ್ರಗಳ ಮೂಲಕವೇ ಸದ್ದು ಹೊರಬರಬೇಕು. ಹಿಂದೆ ಕತ್ತಲು, ದೂಳು, ಇಲಿಯ ಹಿಕ್ಕೆ, ಪೂಜೆಯ ದಿನ ಒಡೆದ ಕುಂಬಳಕಾಯಿಯ ಒಣಗಿದ ಚೂರು. ಮರದ ಅಟ್ಟಣೆಯ ಮೇಲೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳು, ಅವುಗಳ ತಲೆಯ ಮೇಲೆ ಬಾಯ್ತೆರೆದ ಹಾರ್ನ್. ಪರದೆಯ ಎತ್ತರದ ಸುಮಾರು ಮೂರರಲ್ಲಿ ಎರಡು ಪಾಲಿನಲ್ಲಿ ಹಾರ್ನ್ ಇರಬೇಕೆಂಬುದು ರೂಢಿ. ಮಾತು ನಟನ ಬಾಯಿಂದಲೇ ಬಂದಂತೆ ಅನ್ನಿಸಲೆಂದು.

ಹಾರ್ನಿನ ಬೆನ್ನಿಗಿರುವ ಡ್ರೈವರಿಗೆ ಹುಡುಗ ಮಲ್ಟಿಮೀಟರ್ ಹಿಡಿದ. ಎಂಟು ಓಮಿನ ಡ್ರೈವರ್ ಸರಿಯಿದ್ದರೆ ಮೀಟರು ಆರರ ಆಸುಪಾಸು ತೋರಿಸಬೇಕು. ಏನೂ ತೋರಿಸಲಿಲ್ಲ. ಒಳಗಿನ ಸಣ್ಣ ತಂತಿಸುರುಳಿ ಸುಟ್ಟು ಹರಿದಿತ್ತು. ಡಯಾಫ್ರಮ್ ಹೊಸದು ಹಾಕಿ, ಸ್ಕ್ರೂ ಬಿಗಿದು ಕೆಳಗಿಳಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಸುಟ್ಟದ್ದು ಯಾಕೆ ಎಂದು ಕೇಳಿದರೆ ಆಪರೇಟರ್ ತಲೆ ಕೆರೆದುಕೊಂಡರು. ಹೀರೊ ಎಂಟ್ರಿಗೆ ಅಭಿಮಾನಿಗಳು ಶಿಳ್ಳೆ ಹೊಡೆದು 'ಸೌಂಡ್, ಸೌಂಡ್' ಎಂದು ಕೂಗುತ್ತಾರೆ, ಇವರು ಫೇಡರ್ ಏರಿಸುತ್ತಾರೆ, ಆಂಪ್ಲಿಫೈಯರಿನ ಕೆಂಪು ದೀಪ ಮಿನುಗುತ್ತದೆ. ಆ ದೀಪ ಹತ್ತಿತೆಂದರೆ ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿದು ಅಲೆಯ ತಲೆಯನ್ನು ಕತ್ತರಿಸುತ್ತಿದೆ ಎಂದರ್ಥ. ಕತ್ತರಿಸಿದ ಅಲೆ ಡ್ರೈವರಿನ ಸುರುಳಿಯನ್ನು ಕಾಯಿಸಿ ಸುಡುತ್ತದೆ. ಫೇಡರಿನ ಲೆಕ್ಕದಲ್ಲಿ 7 ಎಂಬುದು ಪ್ರಮಾಣದ ಗುರುತು. ಅಲ್ಲಿಟ್ಟಾಗ ಪರದೆ ಹಿಂದಿನ ಒಂದೊಂದು ಚಾನೆಲ್ಲೂ ಪಿಂಕ್ ನಾಯ್ಸಿಗೆ 85 ಡೆಸಿಬೆಲ್ ಕೊಡುವಂತೆ ಹಾಲನ್ನು ಹೊಂದಿಸಿರುತ್ತಾರೆ. ಸಿನಿಮಾದ ಸದ್ದನ್ನು ಬೆರೆಸುವ ಸ್ಟುಡಿಯೊದಲ್ಲೂ ಅದೇ ಅಳತೆ. ಈ ಹೊಂದಾಣಿಕೆ ಕೆಟ್ಟ ಹಾಲಿನಲ್ಲಿ ಅಂಕಿ ಎಷ್ಟು ಏರಿಸಿದರೂ ಮಾತು ತಿಳಿಯಾಗುವುದಿಲ್ಲ, ಗದ್ದಲ ಹೆಚ್ಚುತ್ತದೆ ಅಷ್ಟೆ.

ಎರಡನೆಯ ದೂರು ಸಣ್ಣದು, ಆದರೆ ಹಟಮಾರಿ. ಶೋ ನಡುವೆ ಆಗೀಗ 'ಟಪ್' ಎಂದು ಸದ್ದು ಕತ್ತರಿಸಿ ಮತ್ತೆ ಬರುತ್ತದೆ. ಆಪರೇಟರಿಗೆ ಹಳೆಯ ಕಾಲ ನೆನಪಾಯಿತು. ರೀಲಿನ ದಿನಗಳಲ್ಲಿ ಡಿಜಿಟಲ್ ಸದ್ದು ಊರುಗೋಲು ಇಟ್ಟುಕೊಂಡೇ ಬರುತ್ತಿತ್ತು. 1992ರ 'ಬ್ಯಾಟ್‌ಮನ್ ರಿಟರ್ನ್ಸ್'ನೊಂದಿಗೆ ಬಂದ ಡಾಲ್ಬಿ ಡಿಜಿಟಲ್ಲಿನ ಮಾಹಿತಿ ರೀಲಿನ ಅಂಚಿನ ತೂತುಗಳ ನಡುವೆ ಅಚ್ಚಾಗಿರುತ್ತಿತ್ತು. ಮರುವರ್ಷ 'ಜುರಾಸಿಕ್ ಪಾರ್ಕ್' ತಂದ ಡಿಟಿಎಸ್‌ನಲ್ಲಿ ಸದ್ದು ಸಿಡಿಯಲ್ಲಿ, ಅದನ್ನು ಚಿತ್ರಕ್ಕೆ ಹೊಂದಿಸುವ ಟೈಮ್‌ಕೋಡ್ ರೀಲಿನಲ್ಲಿ. ಗೀರು ಬಿದ್ದೋ ಸಿಡಿ ತೊಡರಿಯೋ ಡಿಜಿಟಲ್ ಕೈಕೊಟ್ಟರೆ ಯಂತ್ರ ತಾನಾಗಿ ಪಕ್ಕದ ಹಳೆಯ ಆಪ್ಟಿಕಲ್ ಟ್ರ್ಯಾಕಿಗೆ ಜಾರುತ್ತಿತ್ತು. ಸದ್ದು ಕೊಂಚ ಮಸುಕಾಗುತ್ತಿತ್ತು, ಸಿನಿಮಾ ನಡೆಯುತ್ತಿತ್ತು.

ಈಗ ಆ ಆಸರೆ ಇಲ್ಲ. ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಸರ್ವರಿಗೆ ಬರುತ್ತದೆ. ಅಲ್ಲಿಂದ ಎರಡೆರಡು ಚಾನೆಲ್ ಜೋಡಿಯಾಗಿ ಡಿಜಿಟಲ್ ಕೇಬಲ್ಲಿನಲ್ಲಿ ಪ್ರೊಸೆಸರಿಗೆ ಹೋಗುತ್ತವೆ. ಆ ಸಂಪರ್ಕ ಕ್ಷಣ ತಪ್ಪಿದರೂ ಮಸುಕಾಗುವ ಮಾತಿಲ್ಲ, ಪೂರ್ತಿ ಮೌನ. ಹುಡುಗ ಪ್ರೊಜೆಕ್ಟರಿನ ಬದಿಗೆ ಬಗ್ಗಿ, ಇಂಟರ್‌ನೆಟ್ ಕೇಬಲ್ಲಿನದೇ ಥರದ ಒಂದು ಪ್ಲಗ್ಗನ್ನು ಬೆರಳಲ್ಲಿ ಮೀಟಿದ. 'ಟಪ್' ಎಂದಿತು. ಪ್ಲಗ್ಗಿನ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಯಾರೋ ರಬ್ಬರ್ ಬ್ಯಾಂಡ್ ಕಟ್ಟಿದ್ದರು. ಫ್ಯಾನಿನ ನಡುಕಕ್ಕೆ ಅದು ಸಡಿಲವಾಗುತ್ತಿತ್ತು. ಹೊಸ ಪ್ಲಗ್ಗು ಹಾಕಿದ, ಮುಗಿಯಿತು.

ಉಳಿದದ್ದು ಸದ್ದಿಲ್ಲದ ದೃಶ್ಯಗಳಲ್ಲಿ ಕೇಳುವ 'ಹೂಂ' ಎಂಬ ಗುನುಗು. ಫೇಡರ್ ಸೊನ್ನೆಗೆ ಇಳಿಸಿದರೂ ಗುನುಗು ಹಾಗೇ ಇತ್ತು, ಎಂದರೆ ಅದು ಹುಟ್ಟುತ್ತಿದ್ದದ್ದು ಫೇಡರಿನ ನಂತರ. ಆಂಪ್ಲಿಫೈಯರಿನ ಇನ್‌ಪುಟ್ ಕಿತ್ತಾಗ ನಿಂತಿತು, ಎಂದರೆ ಒಳನುಗ್ಗುತ್ತಿದ್ದದ್ದು ತಂತಿಯ ಮೂಲಕ. ನಮ್ಮ ಕರೆಂಟಿನ 50 ಹರ್ಟ್ಸ್ ಅರ್ತಿಂಗ್ ದಾರಿಯಲ್ಲಿ ಸುತ್ತು ಹಾಕುತ್ತಿತ್ತು. ಹಿಂದೆ ಯಾರೋ ಇದಕ್ಕೆ ಮದ್ದೆಂದು ಒಂದು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕತ್ತರಿಸಿದ್ದರು. ಹುಡುಗನಿಗೆ ಸಿಟ್ಟು ಬಂದದ್ದು ಆಗ ಮಾತ್ರ. "ಗುನುಗು ಹೋಗುತ್ತೆ ಅಣ್ಣ, ಜೊತೆಗೆ ನೀವೂ ಹೋಗ್ತೀರ." ಪ್ಲಗ್ಗು ಬದಲಿಸಿ, ಸಿಗ್ನಲ್ ಕೇಬಲ್ಲಿನ ಹೊರಕವಚವನ್ನು ಒಂದು ತುದಿಯಲ್ಲಿ ಮಾತ್ರ ಬಿಡಿಸಿದ, ಪ್ರೊಜೆಕ್ಟರ್, ಸರ್ವರ್, ರ‍್ಯಾಕ್ ಮೂರಕ್ಕೂ ಒಂದೇ ಅರ್ತ್ ಎಳೆದ. ಹಿತ್ತಲಿನಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ತ್ ಗುಂಡಿ ಬೇಸಿಗೆಗೆ ಬಿರುಕು ಬಿಟ್ಟಿತ್ತು. ಅದಕ್ಕೆ ಕೊಡಗಟ್ಟಲೆ ನೀರು ಹೊಯ್ದದ್ದು ಕ್ಯಾಂಟೀನ್ ಹುಡುಗ.

ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಡಯಾಫ್ರಮ್ಮಿನದು. ಪ್ರೊಸೆಸರಿಗೆ ಏನೂ ಆಗಿರಲಿಲ್ಲ. ಶೋ ಶುರು ಮಾಡಲು ಒಂದು ಬಟನ್ ಸಾಕು, ರೂಮಿನಲ್ಲಿ ಆಳೇಕೆ ಎನ್ನುವ ಮಾಲೀಕರು ಹೆಚ್ಚುತ್ತಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ. ಸಕಾರ ಹೋಗಿದೆ ಎಂದು ಹೇಳಿದ್ದು ಯಾವ ಯಂತ್ರವೂ ಅಲ್ಲ.

ಪ್ರೇಕ್ಷಕರಲ್ಲಿ ಒಂದು ಮನವಿ. ಕಿಂಡಿಯ ಗಾಜಿನ ಹಿಂದಿರುವ ಆಪರೇಟರಿಗೆ ನಿಮಗೆ ಕೇಳುವುದು ಕೇಳುವುದಿಲ್ಲ. ಮಾತು ತಿಳಿಯದಿದ್ದರೆ ಮನೆಗೆ ಹೋಗಿ ಬೈಯಬೇಡಿ, ಇಂಟರ್‌ವಲ್‌ವರೆಗೂ ಕಾಯಬೇಡಿ. ಆಗಲೇ ಎದ್ದು ಗೇಟಿನವರಿಗೆ ಹೇಳಿ. ಯಾವ ಸಾಲು, ಎಡವೋ ಬಲವೋ, ಕೆಟ್ಟದ್ದು ಮಾತೋ ಹಾಡೋ, ಇಷ್ಟು ತಿಳಿಸಿದರೆ ಸಾಕು.