ಹಿರಿಯರ ಹೆಜ್ಜೆಗೆ ದಾರಿ ಬಿಡೋಣ

ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ನೌಕರಿಯಿಂದ ನಿವೃತ್ತರಾದ ಮೇಲೆ ಮನುಷ್ಯನಿಗೆ ಉಳಿಯುವ ಸುಖಗಳು ಬಹಳವಲ್ಲ. ಬೆಳಗಿನ ಒಂದಿಷ್ಟು ನಡಿಗೆ, ಪೂಜೆಗೆ ಹೂವು-ಪತ್ರೆ ತರುವ ನೆಪದ ಓಡಾಟ, ಸೋಮವಾರದ ದೇವರ ದರ್ಶನ, ಸಂಜೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಓರಗೆಯವರೊಡನೆ ನಾಲ್ಕು ಮಾತು, ಇವಿಷ್ಟೇ. ಈ ಎಲ್ಲ ಸುಖಗಳೂ ಒಂದೇ ಸಂಗತಿಯನ್ನು ಅವಲಂಬಿಸಿವೆ. ಹೊಸ್ತಿಲು ದಾಟಿ ಹೋದವರು ರಸ್ತೆಯನ್ನೂ ದಾಟಿ ಸುರಕ್ಷಿತವಾಗಿ ಮರಳಿ ಬರಬೇಕು. ಆ ಭರವಸೆ ಇಲ್ಲವಾದ ದಿನ ಹಿರಿಯರಿಗೆ ಮನೆಯೇ ಸೆರೆಯಾಗುತ್ತದೆ.

ರಾಜಧಾನಿಯ ಪಶ್ಚಿಮ ಭಾಗದಲ್ಲಿರುವ ಲಗ್ಗೆರೆ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ೧೯೭೦ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ತಲೆಯೆತ್ತಿದ ಮೇಲೆ ನಾಡಿನ ನಾನಾ ಜಿಲ್ಲೆಗಳಿಂದ ದುಡಿಮೆಯನ್ನರಸಿ ಬಂದ ಕುಟುಂಬಗಳು ಇದರ ಸುತ್ತಮುತ್ತ ನೆಲೆ ಕಂಡುಕೊಂಡವು. ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿದವರು ಸಣ್ಣಪುಟ್ಟ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡರು. ಅವರಲ್ಲಿ ಅನೇಕರು ಇಂದು ನಿವೃತ್ತರು. ಹೊರದೇಶಗಳಲ್ಲಿ ನಿವೃತ್ತರಿಗೆಂದೇ ಕಟ್ಟಿದ ಬಡಾವಣೆಗಳುಂಟು. ಅಲ್ಲಿ ಗೇಟು, ಕಾವಲು, ಮಂದಗತಿಯ ವಾಹನಗಳು ಎಲ್ಲವೂ ಇರುತ್ತವೆ. ಲಗ್ಗೆರೆಯಂತಹ ಊರುಗಳಾದರೋ ಯಾರ ಯೋಜನೆಯೂ ಇಲ್ಲದೆ ತಮ್ಮಷ್ಟಕ್ಕೆ ತಾವೇ ಹಿರಿಯರ ಊರುಗಳಾಗುತ್ತಿವೆ. ಒಂದು ಬದಿಗೆ ಲಾರಿ-ಬಸ್ಸುಗಳು ಧಾವಿಸುವ ಹೊರ ವರ್ತುಲ ರಸ್ತೆ, ಇನ್ನೊಂದು ಬದಿಗೆ ಎರಡು ಗಾಡಿ ಎದುರಾದರೆ ನಡೆಯುವವನಿಗೆ ಎಡೆಯಿಲ್ಲದ ಅಡ್ಡರಸ್ತೆಗಳು. ಇವೆರಡರ ನಡುವೆ ನಮ್ಮ ಹಿರಿಯರ ಬದುಕು ಸಾಗಬೇಕಾಗಿದೆ.

ಹದಿಮೂರು ಸೆಕೆಂಡುಗಳ ಲೆಕ್ಕ

ಕೇಂದ್ರ ಸರ್ಕಾರದ ಅಂಕಿ-ಅಂಶಗಳಂತೆ ೨೦೨೨ರಲ್ಲಿ ಭಾರತದ ರಸ್ತೆಗಳ ಮೇಲೆ ೧,೬೮,೪೯೧ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ೩೨,೮೨೫ ಮಂದಿ ಪಾದಚಾರಿಗಳು. ಎಂದರೆ ಸತ್ತ ಪ್ರತಿ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಯಾವ ವಾಹನವನ್ನೂ ಏರದೆ ಕೇವಲ ನಡೆಯುತ್ತಿದ್ದವರು.

ಹಿರಿಯರಿಗೆ ಈ ಅಪಾಯವೇಕೆ ಹೆಚ್ಚು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮೂರು ಸಾಲು ವಾಹನಗಳು ಸಾಗುವ ರಸ್ತೆಯ ಒಂದು ಬದಿಯ ಅಗಲ ಸುಮಾರು ೧೦.೫ ಮೀಟರ್. ಗಟ್ಟಿಮುಟ್ಟಾದ ವಯಸ್ಕನು ಸೆಕೆಂಡಿಗೆ ೧.೨ ಮೀಟರಿನಂತೆ ನಡೆದು ಸುಮಾರು ೯ ಸೆಕೆಂಡಿನಲ್ಲಿ ಅದನ್ನು ದಾಟುತ್ತಾನೆ. ಮಂಡಿನೋವಿನ ಹಿರಿಯರು ಸೆಕೆಂಡಿಗೆ ೦.೮ ಮೀಟರ್ ನಡೆದರೂ ಅವರಿಗೆ ೧೩ ಸೆಕೆಂಡು ಬೇಕು. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಅಷ್ಟರಲ್ಲಿ ೨೧೫ ಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸಿರುತ್ತದೆ. ಹಾಗಾದರೆ ರಸ್ತೆಗೆ ಕಾಲಿಡುವ ಮುನ್ನ ನಮ್ಮ ತಾತನವರು ೨೧೫ ಮೀಟರ್ ಆಚೆಗಿರುವ ವಾಹನವನ್ನು ಗುರುತಿಸಬೇಕು, ಅದರ ವೇಗವನ್ನು ಅಳೆಯಬೇಕು, ಅದು ತಮ್ಮನ್ನು ತಲುಪುವುದಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಕಣ್ಣಿಗೆ ಪೊರೆ ಬಂದವರಿಗೆ, ಮುಸ್ಸಂಜೆಯ ಮಬ್ಬಿನಲ್ಲಿ, ಎದುರು ದೀಪಗಳ ಝಳದ ನಡುವೆ ಇದು ಸಾಧ್ಯವೇ? ಅದೇ ವಾಹನ ಗಂಟೆಗೆ ೩೦ ಕಿಲೋಮೀಟರಿನಂತೆ ಬಂದರೆ ೧೧೦ ಮೀಟರ್ ದೂರವನ್ನು ನೋಡಿದರೆ ಸಾಕು. ವೇಗ ಅರ್ಧಕ್ಕಿಳಿದರೆ ಢಿಕ್ಕಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆಂಬುದು ಭೌತಶಾಸ್ತ್ರದ ನಿಯಮ. ಯುವಕನಿಗೆ ತರಚುಗಾಯವಾಗುವ ಪೆಟ್ಟು ವೃದ್ಧರಿಗೆ ಸೊಂಟದ ಮೂಳೆ ಮುರಿತವಾಗಿ, ಮತ್ತೆ ಏಳಲಾಗದ ಹಾಸಿಗೆಯಾಗಬಹುದು. ಆದುದರಿಂದ ಹಿರಿಯರ ಸುರಕ್ಷತೆಯೆಂಬುದು ಮೊದಲಾಗಿ ವೇಗದ ಪ್ರಶ್ನೆ. ಅವರ ಎಚ್ಚರಿಕೆಯ ಪ್ರಶ್ನೆ ಆಮೇಲಿನದು.

ಶಾಸನವಿದೆ, ಭಯವಿಲ್ಲ

ನಮ್ಮಲ್ಲಿ ಶಾಸನಗಳಿಗೆ ಕೊರತೆಯಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ತಿದ್ದುಪಡಿಯಾಗಿ ದಂಡದ ಮೊತ್ತಗಳು ಏರಿದವು; ಜನರ ಅಸಮಾಧಾನವನ್ನು ಕಂಡು ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಹಲವು ದಂಡಗಳನ್ನು ಇಳಿಸಿತು. ೨೦೨೨ರ ಡಿಸೆಂಬರಿನಲ್ಲಿ ಬೆಂಗಳೂರಿನ ೫೦ ವೃತ್ತಗಳಲ್ಲಿ ನಿಯಮ ಮುರಿದವರನ್ನು ತಾವಾಗಿಯೇ ಗುರುತಿಸುವ ಕ್ಯಾಮೆರಾಗಳು ಬಂದವು. ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನಡೆದಾಡಲು ಯೋಗ್ಯವಾದ ಪಾದಚಾರಿ ಮಾರ್ಗವು ಸಂವಿಧಾನದ ೨೧ನೆಯ ವಿಧಿಯನ್ವಯ ನಾಗರಿಕರ ಹಕ್ಕೆಂದು ಸ್ಪಷ್ಟಪಡಿಸಿತು.

ಆದರೂ ನಿಯಮದ ಬಗೆಗೆ ಗೌರವ ಏಕೆ ಮೂಡಿಲ್ಲ? ೨೦೨೩ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ನಿಂತು ನೂರು ಕೋಟಿ ರೂಪಾಯಿಗೂ ಮಿಕ್ಕಿ ಪಾವತಿಸಿದರು. ೨೦೨೫ರಲ್ಲಿಯೂ ಅಂತಹುದೇ ರಿಯಾಯಿತಿ ದೊರೆಯಿತು. ಬೊಕ್ಕಸಕ್ಕೆ ಹಣ ಬಂದುದು ನಿಜ. ಆದರೆ ಅನೇಕ ಮನೆಗಳಲ್ಲಿ ದಂಡವೆಂಬುದು ತಪ್ಪಿನ ಅರಿವಾಗಿ ಉಳಿಯದೆ, ಸೋಡಿ ಬರುವವರೆಗೆ ಕಾಯಬಹುದಾದ ಒಂದು ಬಿಲ್ಲಾಗಿಬಿಟ್ಟಿತು. ಕ್ಯಾಮೆರಾಗಳೂ ದೊಡ್ಡ ವೃತ್ತಗಳನ್ನು ಕಾಯುತ್ತವೆಯೇ ಹೊರತು, ಹಿರಿಯರು ಹಾಲಿಗೆ, ಔಷಧಿಗೆ ಹೋಗುವ ಅಡ್ಡರಸ್ತೆಗಳನ್ನಲ್ಲ. ಪಾದಚಾರಿ ಮಾರ್ಗದ ಮೇಲೆ ಬೈಕು ಓಡಿಸುವವನನ್ನು, ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗುವವನನ್ನು, ಕೆಂಪುದೀಪಕ್ಕೆ ಜೀಬ್ರಾ ಪಟ್ಟೆಯ ಮೇಲೆಯೇ ನಿಲ್ಲುವವನನ್ನು ತಡೆಯಲು ಪೇದೆಯ ಕಣ್ಣೇ ಬೇಕು. ಬಿಸಿಲು, ಮಳೆ, ಹೊಗೆಯ ನಡುವೆ ದಿನವಿಡೀ ನಿಲ್ಲುವ ಆತನದು ಪರರ ಪ್ರಾಣ ಕಾಯುವ ಕಾಯಕ. ಆತ ನಮ್ಮ ಹುಡುಗನನ್ನು ತಡೆದು ನಿಲ್ಲಿಸಿದಾಗ ನಾವು ಪರಿಚಯದವರ ಹೆಸರು ಹೇಳಿ ಬಿಡಿಸಿಕೊಳ್ಳಲು ಹೊರಟರೆ ಆ ಕಾಯಕಕ್ಕೆ ನಾವೇ ಅಡ್ಡಿಯಾದಂತೆ. ಪೊಲೀಸರಲ್ಲಿಯೂ ನಮ್ಮದೊಂದು ವಿನಂತಿಯಿದೆ: ದಂಡದ ಗುರಿಯನ್ನು ಮೊತ್ತದಿಂದ ಅಳೆಯದೆ, ಆ ಬೀದಿಯಲ್ಲಿ ಎಷ್ಟು ಹಿರಿಯರು ನಿರ್ಭಯವಾಗಿ ನಡೆದರು ಎಂಬುದರಿಂದ ಅಳೆಯಲಿ.

ಮನೆಯೊಳಗಿನ ಠಾಣೆ

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಹೇಳಲೇಬೇಕು. ರಸ್ತೆ ದಾಟಲು ಹೆದರುವವರು ನಮ್ಮ ಮನೆಯ ಹಿರಿಯರು. ಅವರನ್ನು ಹೆದರಿಸುವ ಗಾಡಿಯೂ ಬಹುಮಟ್ಟಿಗೆ ನಮ್ಮಂತಹವರ ಮನೆಯಿಂದಲೇ ಹೊರಟಿರುತ್ತದೆ. ಟ್ಯೂಷನ್ನಿಗೆ ಹೊತ್ತಾಯಿತೆಂದು ಹೈಸ್ಕೂಲು ಓದುವ ಮಗನ ಕೈಗೆ ಸ್ಕೂಟರಿನ ಕೀಲಿ ಕೊಡುವವರು ಯಾರು? ೨೦೧೯ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರು ೩ ವರ್ಷಗಳವರೆಗಿನ ಸೆರೆವಾಸಕ್ಕೂ ೨೫,೦೦೦ ರೂಪಾಯಿ ದಂಡಕ್ಕೂ ಗುರಿಯಾಗುತ್ತಾರೆ. ಗಾಡಿಯ ನೋಂದಣಿ ೧೨ ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ೧೬ ವರ್ಷ ತುಂಬಿದವರಿಗೆ ೫೦ ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಪರವಾನಗಿ ಕೊಡಲು ಅವಕಾಶವುಂಟು. ಆದರೆ ನಮ್ಮ ಮನೆಗಳಲ್ಲಿರುವ ಸಾಮಾನ್ಯ ಪೆಟ್ರೋಲ್ ಸ್ಕೂಟರುಗಳು ೧೦೦ ಸಿಸಿಗಿಂತ ಹೆಚ್ಚಿನವು. ಮಗನ ಭವಿಷ್ಯವನ್ನೂ ನೆರೆಮನೆಯ ಅಜ್ಜಿಯ ಪ್ರಾಣವನ್ನೂ ಪಣಕ್ಕೊಡ್ಡಿ ಉಳಿಸುವ ಹತ್ತು ನಿಮಿಷಕ್ಕೆ ಬೆಲೆಯೇನು?

ಹಿಂಬದಿಯಲ್ಲಿ ಒಂದೇ ಕಡೆಗೆ ಕಾಲು ಹಾಕಿ ಕುಳಿತ ಅಜ್ಜಿಗೆ ಹೆಲ್ಮೆಟ್ ಬೇಡವೆಂಬ ಭಾವನೆಯೂ ತಪ್ಪು. ೨೦೧೬ರ ಜನವರಿಯಿಂದಲೇ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ವೃದ್ಧಾಪ್ಯದ ಕಾರಣಕ್ಕೆ ವಿನಾಯಿತಿಯಿಲ್ಲ. ಬಡಾವಣೆಯವರೇ ಕೂಡಿ ಹಾಕಿಸುವ ರಸ್ತೆ ಉಬ್ಬುಗಳೂ ಇಂತಹ ಹಿಂಬದಿಯ ಹಿರಿಯರನ್ನೇ ಎತ್ತಿ ಬಿಸಾಡುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬು ೧೦ ಸೆಂಟಿಮೀಟರ್ ಎತ್ತರಕ್ಕೆ ೩.೭ ಮೀಟರ್ ಅಗಲವಿರಬೇಕು, ಬಿಳಿ ಬಣ್ಣದ ಗುರುತು ಇರಬೇಕು, ಮುಂಚಿತವಾಗಿ ಸೂಚನಾ ಫಲಕವಿರಬೇಕು. ಬಾಗಿಲ ಮುಂದೆ ರಾತ್ರೋರಾತ್ರಿ ಸುರಿದ ಕಾಂಕ್ರೀಟಿನ ದಿಂಡು ವೇಗವನ್ನು ತಡೆಯುವ ಬದಲು ಬೆನ್ನೆಲುಬನ್ನು ಮುರಿದೀತು. ಉಬ್ಬು ಬೇಕಿದ್ದರೆ ಬೀದಿಯವರೆಲ್ಲ ಸಹಿ ಮಾಡಿ ಪಾಲಿಕೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಡುವುದೇ ಸರಿಯಾದ ದಾರಿ.

ಸ್ಕೂಟರಿನ ಕೀಲಿಯನ್ನು ಕೆಳಗಿಡುವ ಹೊತ್ತು

ಹಿರಿಯರು ಸ್ವತಃ ಗಾಡಿ ಓಡಿಸುವ ಪ್ರಶ್ನೆ ಸೂಕ್ಷ್ಮವಾದುದು. ೫೫ ವರ್ಷ ದಾಟಿದವರ ಪರವಾನಗಿ ಐದೈದು ವರ್ಷಕ್ಕೆ ನವೀಕರಣಗೊಳ್ಳಬೇಕು, ವೈದ್ಯರ ಪ್ರಮಾಣಪತ್ರವೂ ಬೇಕು. ಅದನ್ನು ಹೆಸರಿಗಷ್ಟೇ ಬರೆಸಿಕೊಳ್ಳದೆ ಕಣ್ಣು, ಕಿವಿ, ಮಧುಮೇಹ, ರಕ್ತದೊತ್ತಡಗಳನ್ನು ನಿಜವಾಗಿ ಪರೀಕ್ಷಿಸಿಕೊಳ್ಳುವುದು ಒಳಿತು. ಜಪಾನಿನಲ್ಲಿ ೧೯೯೮ರಿಂದ ಹಿರಿಯರು ತಾವಾಗಿಯೇ ಪರವಾನಗಿಯನ್ನು ಹಿಂದಿರುಗಿಸುವ ಪದ್ಧತಿಯುಂಟು. ಹಾಗೆ ಹಿಂದಿರುಗಿಸಿದವರನ್ನು ಗೌರವಿಸಿ ಹಲವೆಡೆ ಬಸ್ಸು-ಟ್ಯಾಕ್ಸಿಗಳಲ್ಲಿ ರಿಯಾಯಿತಿ ಕೊಡುತ್ತಾರೆ. ನಮ್ಮ ಮನೆಗಳಲ್ಲಿಯೂ ಇದು ಗೌರವದಿಂದಲೇ ಆಗಬೇಕು. “ಅಪ್ಪಾ, ಇನ್ನು ನೀವು ಗಾಡಿ ಮುಟ್ಟಬೇಡಿ” ಎಂದಷ್ಟೇ ಹೇಳಿ ಕೀಲಿ ಕಿತ್ತುಕೊಂಡರೆ ಅವರ ಸ್ವಾತಂತ್ರ್ಯವನ್ನೇ ಕಿತ್ತುಕೊಂಡಂತೆ. “ಎಲ್ಲಿಗೆ ಹೋಗಬೇಕೋ ಹೇಳಿ, ನಾನು ಕರೆದೊಯ್ಯುತ್ತೇನೆ” ಎಂಬ ಮಾತೂ ಅದರ ಜೊತೆಗೆ ಬರಬೇಕು, ಆ ಮಾತು ನಡೆಯಬೇಕು. ನಗರ ಸಾರಿಗೆ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ರಿಯಾಯಿತಿಯುಂಟು. ೨೦೨೩ರ ಜೂನ್ ತಿಂಗಳಿನಲ್ಲಿ ಬಂದ ಶಕ್ತಿ ಯೋಜನೆಯಡಿ ನಾಡಿನ ಮಹಿಳೆಯರಿಗೆ ಪ್ರಯಾಣವೇ ಉಚಿತವಾಯಿತು. ಬಸ್ ನಿಲ್ದಾಣದವರೆಗಿನ ನಡಿಗೆ ಸುರಕ್ಷಿತವಾದರೆ ಮಾತ್ರ ಈ ಸೌಲಭ್ಯಗಳಿಗೆ ಅರ್ಥ.

ಅದಕ್ಕೂ ಮಾದರಿಯುಂಟು. ಸಿಂಗಪುರದಲ್ಲಿ ೨೦೦೯ರಿಂದ ಹಿರಿಯರು ಸಿಗ್ನಲ್ ಕಂಬಕ್ಕೆ ತಮ್ಮ ಕಾರ್ಡನ್ನು ತಾಗಿಸಿದರೆ ರಸ್ತೆ ದಾಟಲು ಕೆಲವು ಸೆಕೆಂಡು ಹೆಚ್ಚು ಸಿಗುತ್ತದೆ. ೨೦೧೪ರಿಂದ ವೃದ್ಧರು ಹೆಚ್ಚಾಗಿರುವ ಬಡಾವಣೆಗಳನ್ನು ‘ಬೆಳ್ಳಿ ವಲಯ’ಗಳೆಂದು ಗುರುತಿಸಿ, ವೇಗಮಿತಿಯನ್ನು ತಗ್ಗಿಸಿ, ರಸ್ತೆ ನಡುವೆ ನಿಂತು ಸುಧಾರಿಸಿಕೊಳ್ಳಲು ತಾವು ಕಲ್ಪಿಸಿದ್ದಾರೆ. ಲಗ್ಗೆರೆಯ ಒಂದೆರಡು ಬೀದಿಗಳಲ್ಲಿ ಇಂತಹ ಪ್ರಯೋಗ ಮಾಡಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಬಣ್ಣ, ಫಲಕ, ಪೇದೆಯ ದೃಷ್ಟಿ ಮತ್ತು ಜನರ ಒಪ್ಪಿಗೆ ಇದ್ದರೆ ಸಾಕು.

ಅಪಘಾತವಾದಾಗ

ಬಿದ್ದವರನ್ನು ಎತ್ತಲು ಜನ ಹಿಂಜರಿಯುವುದು ಪೊಲೀಸು-ಕೋರ್ಟುಗಳ ಅಂಜಿಕೆಯಿಂದ. ೨೦೧೯ರ ತಿದ್ದುಪಡಿಯು ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಅವರು ತಮ್ಮ ಹೆಸರು-ವಿಳಾಸ ಕೊಡಲೇಬೇಕೆಂಬ ಬಲವಂತವಿಲ್ಲ. ೨೦೨೫ರ ಮೇ ತಿಂಗಳಿನಲ್ಲಿ ಕೇಂದ್ರವು ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ೭ ದಿನಗಳವರೆಗೆ ೧.೫ ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಆಂಬುಲೆನ್ಸಿಗೆ ೧೦೮, ಪೊಲೀಸರಿಗೆ ೧೧೨. ಈ ಎರಡು ಸಂಖ್ಯೆಗಳನ್ನು, ಮನೆಯವರ ಒಂದು ದೂರವಾಣಿ ಸಂಖ್ಯೆಯನ್ನು, ತೆಗೆದುಕೊಳ್ಳುವ ಔಷಧಿಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಪ್ರತಿಯೊಬ್ಬ ಹಿರಿಯರ ಜೇಬಿನಲ್ಲಿ ಅಥವಾ ಕೈಚೀಲದಲ್ಲಿರಲಿ. ಮುಸ್ಸಂಜೆಯಲ್ಲಿ ಹೊರಟಾಗ ತಿಳಿಬಣ್ಣದ ಉಡುಪಿರಲಿ. ಪಾದಚಾರಿ ಮಾರ್ಗವಿಲ್ಲದ ಕಡೆ ಎದುರಿನಿಂದ ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಲಿ.

ಸಮಾಜ ಬಾಂಧವರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಹಿರಿಯರ ಪಾದಕ್ಕೆರಗಿ ಆಶೀರ್ವಾದ ಬೇಡುವ ಸಂಸ್ಕಾರ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಅದೇ ಪಾದಗಳು ಬೀದಿಗಿಳಿದಾಗ ಗಾಡಿಯ ವೇಗ ತಗ್ಗಿಸಿ, ಹಾರ್ನ್ ಬಾರಿಸದೆ, ಅವರು ಆ ಬದಿ ಸೇರುವ ತನಕ ಕಾಯುವುದು ಆ ಸಂಸ್ಕಾರದ ಮುಂದಿನ ಹೆಜ್ಜೆ. ಅದಕ್ಕೆ ಬೇಕಾದುದು ಹದಿಮೂರು ಸೆಕೆಂಡು ಮಾತ್ರ.