ಗೋವೆಯ ಕಾಡಿನಲ್ಲಿ ಹುಲಿಗೆ ಊರು ಯಾವುದು?

ಗೋವೆ ಎಂದೊಡನೆ ನಮ್ಮ ಕಡೆಯವರ ನೆನಪಿಗೆ ಬರುವುದು ಕಡಲ ತೀರ, ಹಳೆಯ ಇಗರ್ಜಿಗಳು, ಮಂಗೇಶಿ ಮತ್ತು ಶಾಂತಾದುರ್ಗೆಯ ದೇವಸ್ಥಾನಗಳು. ಶಾಲಾ ಪ್ರವಾಸದ ಬಸ್ಸುಗಳೂ ಇವಿಷ್ಟನ್ನೇ ತೋರಿಸಿಕೊಂಡು ಹಿಂದೆ ಬರುತ್ತವೆ. ಆದರೆ ಭೂಪಟವನ್ನು ಬಿಡಿಸಿ ನೋಡಿದರೆ ಇನ್ನೊಂದು ಗೋವೆ ಕಾಣುತ್ತದೆ. 3,702 ಚದರ ಕಿಲೋಮೀಟರಿನ ಆ ಪುಟ್ಟ ರಾಜ್ಯದ ಪೂರ್ವದ ಅಂಚಿನುದ್ದಕ್ಕೂ ಸಹ್ಯಾದ್ರಿಯ ಕಾಡು ಹಬ್ಬಿದೆ. ಆರು ಅಭಯಾರಣ್ಯಗಳು ಮತ್ತು ಒಂದು ರಾಷ್ಟ್ರೀಯ ಉದ್ಯಾನ ಸೇರಿ ಸುಮಾರು 755 ಚದರ ಕಿಲೋಮೀಟರು, ಎಂದರೆ ರಾಜ್ಯದ ಐದರಲ್ಲೊಂದು ಪಾಲು, ವನ್ಯಜೀವಿಗಳಿಗೆಂದು ಮೀಸಲಾಗಿದೆ. ಇಷ್ಟು ಚಿಕ್ಕ ರಾಜ್ಯಕ್ಕೆ ಇದು ಸಣ್ಣ ಮಾತಲ್ಲ.

ವಾಹನದಲ್ಲಿ ಕುಳಿತು ಕಾಡುಮೃಗಗಳನ್ನು ನೋಡಿ ಬರುವುದಕ್ಕೆ ಈಗ ಎಲ್ಲರೂ ‘ಸಫಾರಿ’ ಎನ್ನುತ್ತಾರೆ. ಇದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಅದಕ್ಕೆ ಮೂಲ ಅರಬ್ಬಿಯ ‘ಸಫರ್’. ಎರಡಕ್ಕೂ ಪ್ರಯಾಣ ಎಂದೇ ಅರ್ಥ. ಗೋವೆಗೂ ಪೂರ್ವ ಆಫ್ರಿಕಕ್ಕೂ ಹಳೆಯ ನಂಟಿದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಗೋವೆಯ ಎಷ್ಟೋ ಮನೆಗಳವರು ಹಡಗು ಹತ್ತಿ ಕೆನ್ಯಾ, ಉಗಾಂಡ, ಟಾಂಗನಿಕಾಗಳಿಗೆ ಹೋಗಿ ಗುಮಾಸ್ತರಾಗಿ, ದರ್ಜಿಗಳಾಗಿ, ಅಡುಗೆಯವರಾಗಿ ದುಡಿದರು. ನಮ್ಮವರು ಮೊದಲು ಮುಂಬಯಿಗೂ ಆ ಮೇಲೆ ಗಲ್ಫಿಗೂ ಹೋದ ಹಾಗೆಯೇ ಇದು.

ಅಂದಿನ ಟಾಂಗನಿಕಾ ಇಂದಿನ ಟಾಂಜಾನಿಯದ ಭಾಗ. ಅಲ್ಲಿ 1951ರಲ್ಲಿ ಸ್ಥಾಪನೆಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಜಗತ್ಪ್ರಸಿದ್ಧವಾದುದು. ಅದರ ವಿಸ್ತೀರ್ಣ ಸುಮಾರು 14,763 ಚದರ ಕಿಲೋಮೀಟರು. ಒಳಗೆ ಹೆಚ್ಚುಕಡಿಮೆ ನಾಲ್ಕು ಗೋವೆಗಳನ್ನು ಇಡಬಹುದು. ಕಣ್ಣು ಹಾಯುವವರೆಗೂ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಮರ. ಸಿಂಹವಾಗಲಿ ಜೀಬ್ರಾ ಹಿಂಡಾಗಲಿ ದೂರದಿಂದಲೇ ಕಾಣುತ್ತದೆ. ಟೆಲಿವಿಷನ್ನಿನಲ್ಲಿ ಅದನ್ನು ಕಂಡ ಕಣ್ಣಿನಿಂದ ಗೋವೆಯ ಕಾಡಿಗೆ ಹೋದವರು ‘ಏನೂ ಕಾಣಲಿಲ್ಲ’ ಎಂದು ಮರಳುವುದೇ ಹೆಚ್ಚು. ಇದು ಮಳೆಗಾಡು. ಹತ್ತು ಮಾರು ದೂರದಲ್ಲಿ ಕಾಟಿ ನಿಂತಿದ್ದರೂ ಪೊದೆ ಅದನ್ನು ಮರೆಮಾಡುತ್ತದೆ. ಇಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು, ಕೇಳಬೇಕಾದರೆ ಸುಮ್ಮನಿರಬೇಕು.

ಎಲ್ಲಿ, ಏನು?

ಇವುಗಳಲ್ಲಿ ಹೆಸರುವಾಸಿಯಾದುದು ಮೊಲೆಂ. 1969ರಲ್ಲಿ ಭಗವಾನ್ ಮಹಾವೀರ ಅಭಯಾರಣ್ಯವೆಂದು ಹೆಸರಾದ ಈ ಕಾಡಿನ ನಡುವಣ 107 ಚದರ ಕಿಲೋಮೀಟರು 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 310 ಮೀಟರು ಎತ್ತರದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೂಧಸಾಗರ ಜಲಪಾತ ಇಲ್ಲಿಯೇ ಇದೆ. ಕುಳೆಂ ಎಂಬ ಊರಿನಿಂದ ಜೀಪುಗಳು ಹೊಳೆಗಳನ್ನು ದಾಟಿ ಜಲಪಾತದ ಬುಡಕ್ಕೆ ಒಯ್ಯುತ್ತವೆ. ಮಳೆಗಾಲದಲ್ಲಿ ಆ ದಾರಿ ಮುಚ್ಚಿರುತ್ತದೆ. ಇದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ ತಾಂಬ್ಡಿ ಸುರ್ಲಾದ ಮಹಾದೇವ ದೇವಸ್ಥಾನವಿದೆ. ಕದಂಬರ ಕಾಲದ ಆ ಕರಿಕಲ್ಲಿನ ಗುಡಿಯನ್ನು ಕಂಡಾಗ ಕನ್ನಡಿಗರಾದ ನಮಗೆ ಪರಸ್ಥಳಕ್ಕೆ ಬಂದಂತೆ ತೋರುವುದಿಲ್ಲ.

ಬೊಂಡ್ಲಾ ಕೇವಲ 8 ಚದರ ಕಿಲೋಮೀಟರಿನದು. ಮೃಗಾಲಯವೂ ಇರುವುದರಿಂದ ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ಅನುಕೂಲ. ದಕ್ಷಿಣದ ಕಾಣಕೋಣ ತಾಲೂಕಿನ ಕೋಟಿಗಾಂವ್ 1968ರಷ್ಟು ಹಿಂದಿನದು. ಅಲ್ಲಿ ನೀರುಗುಂಡಿಯ ಬಳಿ ಎತ್ತರದ ಮರದ ಮೇಲೆ ಅಟ್ಟಳಿಗೆ ಕಟ್ಟಿದ್ದಾರೆ. ಪಣಜಿಯ ಹತ್ತಿರ, ಮಾಂಡವಿ ನದಿಯ ಚೋಡಣ ದ್ವೀಪದಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿನ ಪಕ್ಷಿಧಾಮವಿದೆ. ಎರಡು ಚದರ ಕಿಲೋಮೀಟರು ಕೂಡ ಇಲ್ಲದ ಈ ಕಾಂಡ್ಲಾ ಕಾಡನ್ನು ದೋಣಿಯಲ್ಲಿ ಕುಳಿತು ನೋಡಬೇಕು.

ಇನ್ನುಳಿದ ಎರಡು, ಉತ್ತರದ ಮಹದಾಯಿ ಮತ್ತು ದಕ್ಷಿಣದ ನೇತ್ರಾವಳಿ. ಒಂದೊಂದೂ 200 ಚದರ ಕಿಲೋಮೀಟರು ಮೀರಿದವು. 1999ರಲ್ಲಿ ಗೋವೆಯಲ್ಲಿ ರಾಷ್ಟ್ರಪತಿ ಆಡಳಿತವಿದ್ದಾಗ ರಾಜ್ಯಪಾಲರಾಗಿದ್ದ ಜನರಲ್ ಜೇಕಬ್ ಇವನ್ನು ಅಭಯಾರಣ್ಯಗಳೆಂದು ಘೋಷಿಸಿದರು. ಚುನಾಯಿತ ಸರಕಾರವಿರುತ್ತಿದ್ದರೆ ಗಣಿ ಮಾಲಿಕರ ಒತ್ತಡವನ್ನು ಮೀರಿ ಇದು ಆಗುತ್ತಿತ್ತೇ ಎಂಬುದು ಕೇಳಬೇಕಾದ ಪ್ರಶ್ನೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯೂ ಉಂಟು: ಒಳಗೆ ತಲೆತಲಾಂತರದಿಂದ ವಾಸವಾಗಿದ್ದ ಹಳ್ಳಿಗರನ್ನು ಆ ದಿನ ಯಾರು ವಿಚಾರಿಸಿದರು?

ಹುಲಿಯೂ ದೇವರು, ಮೊಸಳೆಯೂ ದೇವರು

ಆ ಹಳ್ಳಿಗರಿಗೆ ಕಾಡುಮೃಗ ಹೊಸತಲ್ಲ. ಸತ್ತರಿ, ಸಾಂಗೆ, ಕಾಣಕೋಣ ತಾಲೂಕುಗಳ ಕಾಡುದಾರಿಗಳಲ್ಲಿ ಹುಲಿಯನ್ನು ಕಡೆದ ಕಲ್ಲುಗಳಿಗೆ ಇಂದಿಗೂ ಪೂಜೆಯುಂಟು. ‘ವಾಘ್ರೋ’ ಎಂದು ಕರೆಯುವ ಆ ದೈವವನ್ನು ಪಿಲಿಚಾಮುಂಡಿಗೆ ಕೋಲ ಕೊಡುವ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫೋಂಡಾ ತಾಲೂಕಿನ ಹೊಳೆಬದಿಯ ಕೆಲವು ಊರುಗಳಲ್ಲಿ ಪೌಷ ಅಮಾವಾಸ್ಯೆಯಂದು ಕೆಸರಿನಲ್ಲಿ ಮೊಸಳೆಯನ್ನು ಮಾಡಿ ಪೂಜಿಸುತ್ತಾರೆ. ಉಪ್ಪುನೀರನ್ನು ತಡೆಯುವ ಗದ್ದೆಯ ಕಟ್ಟಗಳಿಗೆ ಅದೇ ಕಾವಲು ಎಂಬ ನಂಬಿಕೆ. ಕುಂಬಳೆಯ ಬಳಿ ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಬಬಿಯ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರಿಗೆ ಊರೇ ಸೇರಿ ಅಂತಿಮ ದರ್ಶನ ಪಡೆದುದನ್ನು ಕಂಡ ನಮಗೆ ಆ ನಂಬಿಕೆಯ ಆಳ ಗೊತ್ತು.

ಹೀಗಿದ್ದೂ 2020ರ ಜನವರಿಯಲ್ಲಿ ಸತ್ತರಿ ತಾಲೂಕಿನ ಗೋಳಾವಳಿಯ ಹತ್ತಿರ, ಮಹದಾಯಿ ಅಭಯಾರಣ್ಯದೊಳಗೆ, ಕೆಲವೇ ದಿನಗಳ ಅಂತರದಲ್ಲಿ ನಾಲ್ಕು ಹುಲಿಗಳ ಹೆಣಗಳು ಸಿಕ್ಕಿದವು. ತಾಯಿಯೊಂದು, ಮರಿಗಳು ಮೂರು. ದನವನ್ನು ಹುಲಿ ಹಿಡಿದ ಸಿಟ್ಟಿಗೆ ಸತ್ತ ದನದ ಮಾಂಸಕ್ಕೆ ವಿಷ ಬೆರೆಸಿದರೆಂಬ ಆರೋಪದ ಮೇಲೆ ಅಲ್ಲಿಯ ನಿವಾಸಿಗಳೇ ಕೆಲವರು ಬಂಧಿತರಾದರು. ಇಡೀ ರಾಜ್ಯದ ಹುಲಿಗಳನ್ನು ಕೈಬೆರಳಿನಲ್ಲಿ ಎಣಿಸಬಹುದಾದ ಕಡೆ ಒಂದೇ ಏಟಿಗೆ ನಾಲ್ಕು ಹೋದವು.

ವಿಷ ಹಾಕಿದ್ದು ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಟ್ಟಿಯಲ್ಲಿ ದನ ಕಟ್ಟಿ ಬದುಕುವವರ ಕಷ್ಟವೂ ನಮಗೆ ಅರಿಯದ್ದಲ್ಲ. ಕಾರಡ್ಕ, ದೇಲಂಪಾಡಿಯ ಕಡೆ ಒಂದೇ ರಾತ್ರಿಯಲ್ಲಿ ಆನೆಗಳು ಬಾಳೆ, ಕಂಗು, ತೆಂಗುಗಳನ್ನು ನೆಲಸಮ ಮಾಡಿ ಹೋದ ಬೆಳಿಗ್ಗೆ ತೋಟದ ಬದಿಯಲ್ಲಿ ನಿಂತವರೊಡನೆ ವನ್ಯಜೀವಿ ಸಂರಕ್ಷಣೆಯ ಭಾಷಣ ಮಾಡಲು ಯಾರಿಗೂ ಬಾಯಿ ಬಾರದು. ದನಕ್ಕೆ ಸಲ್ಲಬೇಕಾದ ಪರಿಹಾರ ಹೊತ್ತಿಗೆ ಸರಿಯಾಗಿ ಕೈಸೇರಿದರೆ ಸಿಟ್ಟು ತಣಿಯುತ್ತದೆ. ಕಚೇರಿಯಿಂದ ಕಚೇರಿಗೆ ಅಲೆದಾಡಿಸಿದರೆ ಕಲ್ಲಿನ ಹುಲಿಗೆ ಕೈ ಮುಗಿದವನೇ ಜೀವಂತ ಹುಲಿಯನ್ನು ವೈರಿಯೆಂದು ಎಣಿಸುತ್ತಾನೆ.

ಹುಲಿ ಯಾವ ರಾಜ್ಯದ್ದು?

ಈ ಕಾಡುಗಳನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಬೇಕೆಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹಲವು ವರ್ಷಗಳಿಂದ ಹೇಳುತ್ತ ಬಂದಿತ್ತು. ಅದಕ್ಕೆ ಗೋವೆಯ ಅಧಿಕಾರಸ್ಥರಿಂದ ಬರುತ್ತಿದ್ದ ಒಂದು ಉತ್ತರ ಗಮನಿಸತಕ್ಕದ್ದು: ‘ಇವು ನಮ್ಮಲ್ಲಿ ನೆಲೆಸಿದ ಹುಲಿಗಳಲ್ಲ, ಕರ್ನಾಟಕದಿಂದ ಬಂದು ಹೋಗುವವು’ ಎಂಬುದು. ಗೋವಾ ಫೌಂಡೇಶನ್ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2023ರ ಜುಲೈ 24ರಂದು ಮುಂಬಯಿ ಹೈಕೋರ್ಟಿನ ಗೋವಾ ಪೀಠವು ಮೂರು ತಿಂಗಳೊಳಗೆ ಅಧಿಸೂಚನೆ ಹೊರಡಿಸಬೇಕೆಂದೂ, ಕಾಡಿನಲ್ಲಿ ವಾಸಿಸುವವರ ಹಕ್ಕುಗಳನ್ನು ಇತ್ಯರ್ಥಗೊಳಿಸಬೇಕೆಂದೂ ತೀರ್ಪಿತ್ತಿತು. ಸರಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2025ರಲ್ಲಿ ಆ ನ್ಯಾಯಾಲಯ ತನ್ನ ಕೇಂದ್ರ ಸಬಲೀಕೃತ ಸಮಿತಿಗೆ ವಿಷಯದ ಪರಿಶೀಲನೆಯನ್ನು ಒಪ್ಪಿಸಿತು.

ಹುಲಿಗೆ ರೇಶನ್ ಕಾರ್ಡು ಇಲ್ಲ. ಮಹದಾಯಿಯ ಕಾಡು ಬೆಳಗಾವಿ ಜಿಲ್ಲೆಯ ಭೀಮಗಡದ ಕಾಡಿಗೆ ತಾಗಿಕೊಂಡಿದೆ. ದಕ್ಷಿಣದ ಕಾಡುಗಳು ಉತ್ತರ ಕನ್ನಡದ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಕೂಡಿಕೊಂಡಿವೆ. ಆಚೆ ಹುಟ್ಟಿದ ಗಂಡು ಹುಲಿ ದೊಡ್ಡದಾದ ಮೇಲೆ ಸ್ವಂತ ಎಡೆ ಹುಡುಕಿಕೊಂಡು ಈಚೆಗೆ ಬರುತ್ತದೆ. ಆ ದಾರಿ ಕಡಿದು ಹೋದರೆ ಎರಡೂ ಕಡೆಯ ಹುಲಿಗಳಿಗೆ ಉಳಿಗಾಲವಿಲ್ಲ. ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ಮಹದಾಯಿಯೇ ಗೋವೆಯಲ್ಲಿ ಮಾಂಡವಿಯಾಗಿ ಕಡಲು ಸೇರುತ್ತದೆ. ಆ ನೀರಿನ ಒಂದು ಹನಿಯನ್ನೂ ಬಿಟ್ಟುಕೊಡೆವೆಂದು ವಾದಿಸುವವರು ಅದೇ ಕಣಿವೆಯಲ್ಲಿ ಇಳಿದು ಬಂದ ಹುಲಿಯನ್ನು ಮಾತ್ರ ಪರರಾಜ್ಯದ್ದೆನ್ನುವುದು ಸರಿಯೇ? ನಕ್ಷೆಯ ಮೇಲೆ ಎಳೆದ ಗೆರೆಯೊಂದು ತಲೆತಲಾಂತರದಿಂದ ಇದ್ದವರನ್ನು ಒಂದು ದಿನದಲ್ಲಿ ಹೊರಗಿನವರನ್ನಾಗಿ ತೋರಿಸುವುದು ಹೇಗೆಂಬುದನ್ನು 1956ರ ನವೆಂಬರಿನಿಂದ ಈಚೆಗೆ ನಾವೂ ತಿಳಿದಿದ್ದೇವೆ.

ಕಾಡು ಬೇಕೆಂದು ನಿಂತ ಜನ ಗೋವೆಯಲ್ಲಿ ಇಲ್ಲದಿಲ್ಲ. ಮೊಲೆಂ ಕಾಡಿನ ಮೂಲಕ ರೈಲು ಹಳಿಯನ್ನು ಜೋಡಿ ಮಾಡುವ, ಹೆದ್ದಾರಿಯನ್ನು ಅಗಲಿಸುವ, ವಿದ್ಯುತ್ ತಂತಿ ಎಳೆಯುವ ಮೂರು ಯೋಜನೆಗಳ ವಿರುದ್ಧ 2020ರಲ್ಲಿ ವಿದ್ಯಾರ್ಥಿಗಳು, ವಿಜ್ಞಾನಿಗಳು, ಕಲಾವಿದರು ಒಂದಾದರು. 2022ರ ಮೇ ತಿಂಗಳಿನಲ್ಲಿ ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವಣ ಜೋಡಿ ಹಳಿಗೆ ದೊರೆತಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟು ರದ್ದುಪಡಿಸಿತು.

ಒಳಗಿರುವವರ ಪಾಲು

ಇಷ್ಟಾದರೂ ಒಂದು ಎಚ್ಚರ ಅಗತ್ಯ. ಸೆರೆಂಗೆಟಿಯ ಹುಲ್ಲುಗಾವಲಿನಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನರನ್ನು 1959ರಲ್ಲಿ ಪಕ್ಕದ ಗೊರೊಂಗೊರೊ ಪ್ರದೇಶಕ್ಕೆ ಕಳುಹಿಸಲಾಯಿತು. ಲೋಕವೆಲ್ಲ ಕೊಂಡಾಡುವ ಆ ಉದ್ಯಾನದ ಚರಿತ್ರೆಯಲ್ಲಿ ಈ ಪುಟವೂ ಇದೆ. ಹೋದ ಜಾಗದಲ್ಲಿಯೂ ಅವರ ನೆಲದ ಹಕ್ಕಿನ ಪ್ರಶ್ನೆ ಮುಗಿಯಲಿಲ್ಲ. ಗೋವೆಯ ಕಾಡಿನೊಳಗಿನ ವೇಳಿಪರೂ ಗೌಳಿಗಳೂ ಹುಲಿಯ ಹೆಸರು ಕೇಳಿದರೆ ಒಕ್ಕಲೆಬ್ಬಿಸುವ ಭಯದಿಂದ ಬೆಚ್ಚುವುದು ಆಶ್ಚರ್ಯವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಅವರ ಮನೆ, ಗದ್ದೆ, ಕುಮೇರಿಗಳ ದಾಖಲೆಯನ್ನು ಮೊದಲು ಕೈಗೆ ಕೊಟ್ಟು, ಆ ಮೇಲೆ ಹುಲಿಯ ಮಾತೆತ್ತಿದರೆ ಅವರೇ ಕಾಡಿನ ಕಾವಲಿಗೆ ನಿಂತಾರು. ಜೀಪಿನ ಬಾಡಿಗೆ, ಮಾರ್ಗದರ್ಶಿಯ ಕೂಲಿ, ಊಟದ ಮನೆಯ ವ್ಯಾಪಾರ ಇವೆಲ್ಲ ಕಾಡಂಚಿನ ಮನೆಗಳಿಗೆ ಸೇರಬೇಕು.

ನಮ್ಮ ಓದುಗರಲ್ಲಿ, ವಿಶೇಷವಾಗಿ ಅಧ್ಯಾಪಕ ಬಂಧುಗಳಲ್ಲಿ, ನಮ್ಮದೊಂದು ಸಲಹೆಯಿದೆ. ಕಾಸರಗೋಡಿನಿಂದ ಮಡಗಾಂವಿಗೆ ನೇರ ರೈಲಿದೆ. ಅಲ್ಲಿಂದ ಕುಳೆಂ ದೂರವಲ್ಲ. ಮಳೆ ನಿಂತ ಮೇಲೆ, ಮುಂದಿನ ಪ್ರವಾಸದಲ್ಲಿ ಒಂದು ದಿನವನ್ನು ಕಡಲ ಬದಲು ಕಾಡಿಗೆ ಮೀಸಲಿಡೋಣ. ಹೋಗುವ ಮೊದಲು ಮಕ್ಕಳಿಂದ ಒಂದು ನಕ್ಷೆ ಬರೆಯಿಸೋಣ. ಮೊದಲು ಗುಡ್ಡೆಗಳು, ಹೊಳೆಗಳು, ಕಾಡುಗಳು: ಭೀಮಗಡ, ಮಹದಾಯಿ, ಮೊಲೆಂ, ನೇತ್ರಾವಳಿ, ಕೋಟಿಗಾಂವ್, ಕಾಳಿ, ಕೆಳಗೆ ತಲಕಾವೇರಿಯ ಕಾಡು, ಅದಕ್ಕೆ ತಾಗಿಕೊಂಡ ನಮ್ಮ ರಾಣಿಪುರಂ. ರಾಜ್ಯಗಳ ಗಡಿಯನ್ನು ಕೊನೆಗೆ, ಪೆನ್ಸಿಲಿನಲ್ಲಿ ತೆಳುವಾಗಿ ಎಳೆದರೆ ಸಾಕು. ಹುಲಿ ಯಾವ ಊರಿನದೆಂದು ಆಗ ಮಕ್ಕಳನ್ನು ಕೇಳೋಣ. ಅವರು ಕೊಡುವ ಉತ್ತರವನ್ನು ದೊಡ್ಡವರೂ ಕೇಳಿಸಿಕೊಳ್ಳಬೇಕು.